ಸಿಟ್ಟಲ್ಲ, ನೋವು
ಆಟಿ ತಿಂಗಳ ಜಡಿಮಳೆಯಲ್ಲಿ ನಮ್ಮ ನಾಯಿ ಕಾಳು ಹಗಲಿರುಳೂ ತಲೆ ಕೊಡವುತ್ತಿತ್ತು. ಕಿವಿಯ ತುಂಬ ಕಂದು ಮೇಣ, ಹುಳಿ ಬಂದ ಹಿಟ್ಟಿನ ವಾಸನೆ. ರೂಢಿಯಂತೆ ತೆಂಗಿನೆಣ್ಣೆ ಬಿಟ್ಟೆ, ಬಾಧೆ ಇಮ್ಮಡಿಸಿತು. ಒಂದು ಸಂಜೆ ಕಿವಿ ಸವರಹೋದ ಮಗಳತ್ತ ಅದು ಗುರುಗುಟ್ಟಿತು. ನಾನು ಸರಪಳಿ ಕೊಂಡು ತಂದೆ.

“ಅಪ್ಪಾ, ಅದಕ್ಕೆ ಸಿಟ್ಟಲ್ಲ, ನೋವು” ಎಂದಳು ಮಗಳು.

ಪಶುವೈದ್ಯರು ಕಿವಿಯ ಮೇಣವನ್ನು ಗಾಜಿನ ಪಟ್ಟಿಗೆ ಸವರಿ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು: ನೆಲಗಡಲೆಯಾಕಾರದ ಅಸಂಖ್ಯ ಕಣಗಳು. ‘ಮಲಸೀಜಿಯಾ’ ಎಂಬ ಈ ಯೀಸ್ಟ್ ಆರೋಗ್ಯವಂತ ನಾಯಿಯ ಚರ್ಮದಲ್ಲಿಯೂ ಇರುತ್ತದೆ. ತೇವ, ಜಿಡ್ಡು, ಅಲರ್ಜಿಗಳು ಕೂಡಿದಾಗ ಮಿತಿಮೀರಿ ಬೆಳೆಯುತ್ತದೆ. ಕಿವಿತಮಟೆ ಹರಿದಿಲ್ಲವೆಂದು ಪರೀಕ್ಷಿಸಿದ ಬಳಿಕವೇ ಅವರು ಕಿವಿ ಶುಚಿಗೊಳಿಸಿ ಔಷಧ ಹನಿಸಿದರು. ನನ್ನ ಎಣ್ಣೆಗೆ ಆ ಎಚ್ಚರವಿರಲಿಲ್ಲ.

ಮೂರು ವಾರಗಳಲ್ಲಿ ಕಾಳು ಗುಣವಾಯಿತು. ಈಗ ಮಿಂದಾಗ, ಮಳೆಯಲ್ಲಿ ನೆನೆದಾಗ ಮಗಳೇ ಅದರ ಕಿವಿ ಒರೆಸುತ್ತಾಳೆ. ಸರಪಳಿಯನ್ನು ಅಂಗಡಿಗೆ ಮರಳಿಸಿದೆ.