‘ಹ್ಯಾವ್’ ಎಂಬ ಕ್ರಿಯಾಪದ

ಕಳೆದ ಮಾಘದಲ್ಲಿ ನಮ್ಮ ತಾಯಿಯವರು ತೀರಿಕೊಂಡರು. ವೈಕುಂಠ ಸಮಾರಾಧನೆಯ ಕಾಗದದಲ್ಲಿ ಅವರ ವಿಷಯವಾಗಿ ನಾಲ್ಕು ಸಾಲು ಅಚ್ಚಾಗಲೆಂದು ತಂಗಿಯ ಮಗನಿಗೆ ಬರೆಯಹೇಳಿದೆನು. ಹುಡುಗನು ಬುದ್ಧಿವಂತ; ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಅವನು ಬರೆದು ತಂದ ಮೊದಲನೆಯ ವಾಕ್ಯವಿದು: “ಇವರು ನಾಲ್ವರು ಮಕ್ಕಳನ್ನು ಹೊಂದಿದ್ದರು.” ಪತ್ರಿಕೆಗಳಲ್ಲಿ ದಿನವೂ ಕಾಣುವ ಧಾಟಿಯೇ. ಆದರೂ ಅದನ್ನೋದಿದೊಡನೆ ನಮ್ಮ ತಾಯಿಯವರು ನಾಲ್ಕೆಕರೆ ಗದ್ದೆಯ ಖಾತೆದಾರರಂತೆಯೂ, ನಾವು ಆ ಗದ್ದೆಯಂತೆಯೂ ನನಗೆ ತೋರಿತು.

ಇದೆಲ್ಲವೂ ‘ಹ್ಯಾವ್’ ಎಂಬ ಇಂಗ್ಲಿಷ್ ಕ್ರಿಯಾಪದದ ಪ್ರಭಾವ. ಇಂಗ್ಲಿಷರಿಗೆ ಮನೆ, ಮಗು, ಜ್ವರ, ಧೈರ್ಯ, ಸಂದೇಹ ಎಲ್ಲಕ್ಕೂ ಅದೊಂದೇ ಸಾಕು. ಸ್ನಾನವನ್ನೂ ಊಟವನ್ನೂ ಅವರು ‘ಹ್ಯಾವ್’ ಮಾಡುತ್ತಾರೆ! ಅದರ ಬೆನ್ನಿಗೆ ‘ಟು’ ಸೇರಿತೆಂದರೆ ಮಾಡಲೇಬೇಕಾದ ಕೆಲಸ. ಮತ್ತೊಂದು ಕ್ರಿಯೆಯ ಮುಂದೆ ನಿಂತಿತೆಂದರೆ ಮುಗಿದುಹೋದ ಕೆಲಸ. ‘ಹ್ಯಾಡ್ ಹ್ಯಾಡ್’ ಎಂದು ಎರಡು ಸಲ ಬರುವ ವಾಕ್ಯವನ್ನು ಹೇಳಿ ನಮ್ಮ ಮೇಷ್ಟರು ತರಗತಿಯನ್ನೇ ತಬ್ಬಿಬ್ಬು ಮಾಡುತ್ತಿದ್ದರು. ನೋಡುವುದಕ್ಕೆ ಇದು ಲ್ಯಾಟಿನ್ನಿನ ‘ಹಬೇರೆ’ಯ ಸೋದರಿಯಂತಿದೆ, ಅರ್ಥವೂ ಒಂದೇ. ಆದರೆ ಭಾಷಾಶಾಸ್ತ್ರಜ್ಞರು ಇದಕ್ಕೆ ನಂಟು ಹೇಳುವುದು ‘ಹಿಡಿ’ ಎಂಬರ್ಥದ ‘ಕಪೆರೆ’ಯೊಡನೆ; ಮೂಲದ ಕಕಾರವು ಜರ್ಮಾನಿಕ್ ಭಾಷೆಗಳಲ್ಲಿ ಹಕಾರವಾಯಿತಂತೆ. ಮುಷ್ಟಿಯಲ್ಲಿ ಹಿಡಿದದ್ದೇ ಸ್ವತ್ತಾಯಿತು.

ನಮ್ಮ ನುಡಿಯಲ್ಲಿ ಇದಕ್ಕೆಲ್ಲ ‘ಇರು’ ಒಂದೇ ಸಾಕು. ಉಳಿದ ಕೆಲಸ ವಿಭಕ್ತಿಯದು. ಹಣ ನನ್ನ ಹತ್ತಿರ ಇದೆ, ಧೈರ್ಯ ನನ್ನಲ್ಲಿದೆ, ಜ್ವರ ನನಗಿದೆ. ‘ನನಗೆ ಮಕ್ಕಳಿದ್ದಾರೆ’ ಎಂಬಲ್ಲಿ ಕರ್ತೃಸ್ಥಾನ ಮಕ್ಕಳದು. ನಾನು ಚತುರ್ಥಿಯಲ್ಲಿ ಒಂದು ಪಕ್ಕಕ್ಕೆ ನಿಂತಿರುತ್ತೇನೆ. ಲ್ಯಾಟಿನ್ನರೂ ‘ಮಿಹಿ ಎಸ್ಟ್’, ಎಂದರೆ ‘ನನಗೆ ಇದೆ’, ಎನ್ನುತ್ತಿದ್ದುದುಂಟು. ‘ಹೊಂದು’ ಎಂಬುದೇನೂ ಕೆಟ್ಟ ಮಾತಲ್ಲ. ‘ಹೊಂದಾಣಿಕೆ’ ಅದರಿಂದಲೇ ಹುಟ್ಟಿತು. ಪದವಿಯನ್ನು ಹೊಂದಬಹುದು, ಮರಣವನ್ನೂ ಹೊಂದಬಹುದು. ಮಕ್ಕಳನ್ನು ಹೊಂದುವುದು ಮಾತ್ರ ನನ್ನ ಕಿವಿಗೆ ಹೊಂದುವುದಿಲ್ಲ.

ಹುಡುಗನು ತಾಳ್ಮೆಯಿಂದ ಕೇಳಿ, “ಹಾಗಾದರೆ ‘ಅವರಿಗೆ ನಾಲ್ವರು ಮಕ್ಕಳಿದ್ದರು’ ಎಂದು ತಿದ್ದಲೇ, ಮಾವ?” ಎಂದನು.

“ನಾವು ನಾಲ್ವರೂ ಬದುಕಿದ್ದೇವಲ್ಲಪ್ಪ!”

“ಅಜ್ಜಿ ಇಲ್ಲವಲ್ಲ. ಇಂಗ್ಲಿಷಿನಲ್ಲಾದರೆ ‘ಹ್ಯಾಡ್’ ಎಂದೇ ಬರೆಯಬೇಕು.”

ಕೊಂಚ ಹೊತ್ತು ನನಗೆ ಮಾತು ಹೊರಡಲಿಲ್ಲ. ಆಮೇಲೆ ಕಾಗದವನ್ನು ತೆಗೆದುಕೊಂಡು ‘ಅವರಿಗೆ ನಾಲ್ವರು ಮಕ್ಕಳಿದ್ದಾರೆ’ ಎಂದು ನಾನೇ ಬರೆದೆನು. ಹಾಗೆಯೇ ಅಚ್ಚಾಯಿತು.