ಎಕ್ಟರ್ನಾಕ್‌ನಲ್ಲಿ ಕಾಲುಗಳೂ ಪ್ರಾರ್ಥಿಸುತ್ತವೆ

ಚರ್ಚು ಅಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದೇನು ಹೇಳಿ? ಸಾಲಾಗಿ ಜೋಡಿಸಿದ ಬೆಂಚು, ಉರಿಯುವ ಮೇಣದ ಬತ್ತಿ, ಮೊಣಕಾಲೂರಿ ತಲೆ ತಗ್ಗಿಸಿದ ಜನ, ಪಿಸುದನಿಯ ಪ್ರಾರ್ಥನೆ. ತಮಟೆ, ಕಂಸಾಳೆ, ವೀರಗಾಸೆ ಇವೆಲ್ಲ ನಮ್ಮ ಜಾತ್ರೆಗೆ ಸರಿ, ಕ್ರೈಸ್ತರ ಪೂಜೆಯಲ್ಲಿ ಕುಣಿತಕ್ಕೆಲ್ಲಿ ಜಾಗ ಅಂತ ನಾವಂದುಕೊಳ್ಳುತ್ತೇವೆ. ಆದರೆ ಬಿಷಪ್ಪರು, ಪಾದ್ರಿಗಳ ಸಮ್ಮುಖದಲ್ಲೇ ಸುಮಾರು ಎಂಟು ಸಾವಿರ ಜನ ಬ್ಯಾಂಡಿನ ತಾಳಕ್ಕೆ ಬೀದಿಯುದ್ದಕ್ಕೂ ಕುಪ್ಪಳಿಸುತ್ತಾ ಚರ್ಚಿನೊಳಗೆ ಹೋಗುವ ಊರೊಂದಿದೆ. ಆ ಊರಿನ ವಿಷಯ ನಿಮಗೂ ಹೇಳಬೇಕು ಅಂತ ಈ ಲೇಖನ.

ಊರಿನ ಹೆಸರು ಎಕ್ಟರ್ನಾಕ್. ಯೂರೋಪಿನ ಲಕ್ಸೆಂಬರ್ಗ್ ದೇಶದಲ್ಲಿದೆ. ದೇಶ ಅನ್ನುತ್ತಾರೆ ಅಷ್ಟೆ, ನಮ್ಮ ಹಾಸನ ಜಿಲ್ಲೆಯ ಅರ್ಧದಷ್ಟೂ ಇಲ್ಲ! ಒಟ್ಟು 2,586 ಚದರ ಕಿಲೋಮೀಟರ್. ನನ್ನ ತಮ್ಮ ಅಲ್ಲಿ ಕೆಲಸದಲ್ಲಿದ್ದಾನೆ. 2023ರಲ್ಲಿ ಅವನ ಹೆಂಡತಿಯ ಬಾಣಂತನಕ್ಕೆಂದು ಹೋಗಿ ಮೂರು ತಿಂಗಳು ಇದ್ದು ಬಂದೆ. ಅರಸೀಕೆರೆ ಬಿಟ್ಟರೆ ಬೆಂಗಳೂರು, ಧರ್ಮಸ್ಥಳ, ತಿರುಪತಿ ನೋಡಿದ್ದವಳಿಗೆ ಅಲ್ಲಿ ಎಲ್ಲವೂ ಹೊಸದು. ಮೆಂತ್ಯದ ಹಿಟ್ಟು, ಅಂಟಿನುಂಡೆ, ಬಜೆ, ಎಲ್ಲ ಇಲ್ಲಿಂದಲೇ ಕಟ್ಟಿಕೊಂಡು ಹೋಗಿದ್ದೆ ಅನ್ನಿ.

ತಮ್ಮನ ಪಕ್ಕದ ಮನೆಯಲ್ಲಿ ಎಂಬತ್ತು ವರ್ಷದ ಅಜ್ಜಿಯೊಬ್ಬರಿದ್ದರು. ಮಗುವನ್ನು ನೋಡಲು ದಿನಾ ಬರುತ್ತಿದ್ದರು. ಅವರಿಗೆ ಅಲ್ಪಸ್ವಲ್ಪ ಇಂಗ್ಲಿಷ್, ನನ್ನದು ಹೈಸ್ಕೂಲಿನ ಇಂಗ್ಲಿಷ್. ಇಬ್ಬರದೂ ಸೇರಿಸಿ ಹೇಗೋ ಮಾತು ನಡೆಯುತ್ತಿತ್ತು. ಒಂದು ದಿನ ಅವರು, "ಬರುವ ಮಂಗಳವಾರ ನನ್ನ ಜೊತೆ ಬಾ, ದೇವರಿಗೆ ಕುಣಿಯುವುದನ್ನು ತೋರಿಸುತ್ತೇನೆ" ಅಂದರು. ತಮ್ಮ ಆ ದಿನ ರಜೆ ಹಾಕಿ ಮನೆಯಲ್ಲಿದ್ದ. ನಾನು ಅಜ್ಜಿಯ ಜೊತೆ ಹೊರಟೆ.

ಲಕ್ಸೆಂಬರ್ಗ್ ಪಟ್ಟಣದಿಂದ ಎಕ್ಟರ್ನಾಕ್‌ಗೆ ಸುಮಾರು 35 ಕಿಲೋಮೀಟರ್. ಬಸ್ಸಿಗೆ ದುಡ್ಡಿಲ್ಲ! ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದದ್ದು 2023ರ ಜೂನ್‌ನಲ್ಲಿ ತಾನೇ? ಅಲ್ಲಿ 2020ರ ಮಾರ್ಚಿನಿಂದಲೇ ಗಂಡಸು, ಹೆಂಗಸು, ಬಂದ ಅತಿಥಿ ಎನ್ನದೆ ಎಲ್ಲರಿಗೂ ದೇಶದೊಳಗಿನ ಬಸ್ಸು, ಟ್ರಾಮು, ಎರಡನೇ ದರ್ಜೆಯ ರೈಲು ಉಚಿತ. ದಾರಿಯುದ್ದಕ್ಕೂ ಹಸಿರು ದಿಣ್ಣೆ, ಕಾಡು, ಮೇಯುವ ದನ. ಒಂದು ಗಂಟೆಯೊಳಗೆ ಊರು ಬಂತು. ಊರಂಚಿನಲ್ಲಿ ಸೂರ್ ಎಂಬ ಪುಟ್ಟ ನದಿ. ಅದರ ಆಚೆ ದಡ ಜರ್ಮನಿ! ಸೇತುವೆ ದಾಟಿದರೆ ಬೇರೆ ದೇಶ, ನಾವು ಹೋದಾಗ ಕೇಳುವವರೇ ಇರಲಿಲ್ಲ.

ಈ ಊರನ್ನು ಬೆಳೆಸಿದವರು ಸಂತ ವಿಲ್ಲಿಬ್ರಾರ್ಡ್. ಇಂಗ್ಲೆಂಡಿನ ಕಡೆಯಿಂದ ಬಂದ ಸಂನ್ಯಾಸಿ. 698ರಲ್ಲಿ ಇಲ್ಲಿ ಮಠ ಕಟ್ಟಿದರು, 739ರಲ್ಲಿ ತೀರಿಕೊಂಡರು. ದೊಡ್ಡ ಚರ್ಚಿನ ಕೆಳಗಿನ ನೆಲಮಾಳಿಗೆಯಲ್ಲಿ ಅವರ ಸಮಾಧಿಯಿದೆ. ಕುಣಿತ ಹೋಗಿ ಮುಟ್ಟುವುದು ಆ ಸಮಾಧಿಯನ್ನೇ.

ಕುಣಿತ ನಡೆಯುವುದು ವರ್ಷಕ್ಕೊಂದೇ ದಿನ. ಈಸ್ಟರ್ ಆದ ಏಳನೇ ಭಾನುವಾರ ಪೆಂಟೆಕೋಸ್ಟ್ ಹಬ್ಬ. ಅದಾದ ಮಂಗಳವಾರ ಬೆಳಗ್ಗೆ. ನಾವು ಹೋದಾಗ ಮೇ 30. ಮಠದ ಅಂಗಳದಲ್ಲಿ ಎಲ್ಲಿ ನೋಡಿದರೂ ಬಿಳಿ ಅಂಗಿ. ಶಾಲೆಯ ಮಕ್ಕಳು, ಕಾಲೇಜಿನ ಹುಡುಗಿಯರು, ಹೊಟ್ಟೆ ಬಂದ ಗಂಡಸರು, ನಮ್ಮ ವಯಸ್ಸಿನ ಗೃಹಿಣಿಯರು, ಸಂನ್ಯಾಸಿನಿಯರು. ಎಲ್ಲರ ಕೈಯಲ್ಲೂ ಮಡಿಸಿದ ಬಿಳಿ ಕರವಸ್ತ್ರ. ಮುಂದುಗಡೆ ಸ್ತೋತ್ರ ಹೇಳಿಕೊಂಡು ನಡೆಯುವವರು, ಅವರ ಹಿಂದೆ ಸುಮಾರು 45 ಕುಣಿಯುವ ತಂಡಗಳು, ನಡುನಡುವೆ ಬ್ಯಾಂಡಿನವರು.

ಒಂದು ಸಾಲಿಗೆ ಐದೈದು ಜನ. ಕೈಕೈ ಹಿಡಿಯುವುದಿಲ್ಲ, ಕರವಸ್ತ್ರದ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ಪಕ್ಕದವರ ಕೈಯಲ್ಲಿ. ಎಡಗಡೆಗೊಂದು ಕುಪ್ಪಳಿಕೆ, ಬಲಗಡೆಗೊಂದು ಕುಪ್ಪಳಿಕೆ, ಅಷ್ಟೇ ಹೆಜ್ಜೆ. ಹಾಡೂ ಒಂದೇ. ಸರಳವಾದ ಕುಣಿತದ ಮಟ್ಟು, ಎಲ್ಲ ಬ್ಯಾಂಡಿನವರೂ ಅದನ್ನೇ ಮತ್ತೆ ಮತ್ತೆ ಬಾರಿಸುತ್ತಾರೆ. ಹಿಂದಿನ ಕಾಲದಲ್ಲಿ ಮೂರು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ ಹೋಗುತ್ತಿದ್ದರಂತೆ. ಜರ್ಮನ್ ಭಾಷೆಯಲ್ಲಿ ಈಗಲೂ ಕುಂಟುತ್ತಾ ಸಾಗುವ ಕೆಲಸಕ್ಕೆ "ಎಕ್ಟರ್ನಾಕ್ ಮೆರವಣಿಗೆ" ಅನ್ನುವ ಮಾತಿದೆ. ಗೊಂದಲವಾಗುತ್ತೆ ಅಂತ 1947ರಿಂದ ಮುಂದಕ್ಕಷ್ಟೇ ಹೆಜ್ಜೆ.

ಮಾರುಕಟ್ಟೆ ಚೌಕದಲ್ಲಿ ನಿಂತು ನೋಡುತ್ತಿದ್ದ ನನಗೆ ಮೊದಲ ಹತ್ತು ನಿಮಿಷ ಸ್ವಲ್ಪ ನಗು ಬಂತು, ಸುಳ್ಳು ಯಾಕೆ? ಆಮೇಲೆ ಅವರ ಮುಖ ನೋಡಿದೆ. ಯಾರೂ ನಗುತ್ತಿಲ್ಲ, ಯಾರೂ ನಮ್ಮ ಕಡೆ ನೋಡುತ್ತಿಲ್ಲ. ಬೆವರು ಇಳಿಯುತ್ತಿದೆ, ಉಸಿರು ಹತ್ತುತ್ತಿದೆ, ಕಣ್ಣು ಮಾತ್ರ ಮುಂದಿನ ಸಾಲಿನ ಬೆನ್ನಿನ ಮೇಲೆ. ಒಬ್ಬಾಕೆ ಗಾಲಿಕುರ್ಚಿಯ ಹಿಡಿಗೆ ಕರವಸ್ತ್ರ ಕಟ್ಟಿಕೊಂಡು, ಅದರಲ್ಲಿ ಕೂತಿದ್ದ ಮಗನ ಪಕ್ಕದಲ್ಲಿ ಕುಣಿಯುತ್ತಾ ಹೋದಳು. ಅವನ ಪಾಲಿನ ಹೆಜ್ಜೆಯನ್ನೂ ಅವಳೇ ಹಾಕುತ್ತಿದ್ದಳು. ಪಂಢರಪುರದ ದಿಂಡಿಯಲ್ಲಿ ನಡೆದವರು ನಿಮ್ಮಲ್ಲಿ ಯಾರಾದರೂ ಇದ್ದರೆ ಈ ಮುಖ ನಿಮಗೆ ಗೊತ್ತು. ಅದು ನೋಡುಗರಿಗಾಗಿ ಮಾಡುವ ಕುಣಿತವಲ್ಲ.

ಹಾಗಾದರೆ ಯಾಕೆ ಕುಣಿಯುತ್ತಾರೆ? ಅದನ್ನು ಕೇಳಿದಾಗಲೇ ಅಜ್ಜಿ ನನ್ನನ್ನು ಕರೆತಂದ ಕಾರಣ ಹೇಳಿದ್ದು. ಮೂರ್ಛೆರೋಗಕ್ಕಂತೆ. ಫಿಟ್ಸ್ ಅನ್ನುತ್ತೇವಲ್ಲ, ಅದು. ಮೈಕೈ ತಾನಾಗಿ ಅದುರುವ ಇನ್ನೊಂದು ಕಾಯಿಲೆಯೂ ಇದೆ, ಮಕ್ಕಳಿಗೆ ಗಂಟಲುಬೇನೆಯ ಸೋಂಕಿನ ನಂತರ ಬರುವುದುಂಟು. ಇಂಥ ಕಾಯಿಲೆಯವರು ಮತ್ತು ಅವರ ಮನೆಯವರು ಸಂತ ವಿಲ್ಲಿಬ್ರಾರ್ಡರಿಗೆ ಹರಕೆ ಹೊತ್ತು ಶತಮಾನಗಳಿಂದ ಇಲ್ಲಿ ಕುಣಿಯುತ್ತಾ ಬಂದಿದ್ದಾರೆ. ತನ್ನ ಹತೋಟಿಯಲ್ಲಿಲ್ಲದೆ ಅದುರುವ ಮೈಯನ್ನು ತಾಳಕ್ಕೆ ತಂದು ದೇವರ ಮುಂದಿಡುವುದು ಅಂತ ನನಗೆ ಅರ್ಥವಾಯಿತು. ಅಜ್ಜಿಗೂ ಚಿಕ್ಕಂದಿನಲ್ಲಿ ಫಿಟ್ಸ್ ಬರುತ್ತಿತ್ತಂತೆ. ಅವರಮ್ಮ ಅವರಿಗಾಗಿ ಕುಣಿದರು, ಆಮೇಲೆ ಅವರೇ ಕುಣಿದರು. ಈಗ ಮಂಡಿ ನೋವು, ಮೊಮ್ಮಗಳು ಕುಣಿಯುತ್ತಾಳೆ. "ಹಾಗಾದರೆ ಕುಣಿತದಿಂದ ವಾಸಿಯಾಯಿತೇ?" ಅಂದೆ. ಅಜ್ಜಿ ಚೀಲ ತೆರೆದು ಮಾತ್ರೆಯ ಡಬ್ಬಿ ತೋರಿಸಿದರು. ಮಾತ್ರೆಯನ್ನೂ ಬಿಟ್ಟಿಲ್ಲ, ಮಂಗಳವಾರವನ್ನೂ ಬಿಟ್ಟಿಲ್ಲ!

ಇಷ್ಟು ಹಳೆಯ ಸೇವೆಯನ್ನು ಚರ್ಚಿನ ದೊಡ್ಡವರು ಯಾವಾಗಲೂ ಒಪ್ಪಿದ್ದರು ಅಂದುಕೊಳ್ಳಬೇಡಿ. 1777ರಲ್ಲಿ ಟ್ರಿಯರ್ ಪಟ್ಟಣದ ಆರ್ಚ್‌ಬಿಷಪ್ಪರು ಕುಣಿತ, ವಾದ್ಯ ಎರಡೂ ಕೂಡದು, ನಡೆದು ಹೋಗಿ ಸಾಕು ಅಂತ ಕಟ್ಟಪ್ಪಣೆ ಮಾಡಿದರು. 1786ರಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಮೆರವಣಿಗೆಯನ್ನೇ ನಿಲ್ಲಿಸಿದ. ಆಮೇಲೆ ಫ್ರೆಂಚ್ ಕ್ರಾಂತಿಯ ಗಲಾಟೆಯಲ್ಲಿ ಸಂನ್ಯಾಸಿಗಳನ್ನು ಓಡಿಸಿ, ಮಠದಲ್ಲಿ ಪಿಂಗಾಣಿ ಪಾತ್ರೆಯ ಕಾರ್ಖಾನೆ ಹಾಕಿದರು. ಆದರೂ 1802ರಲ್ಲಿ ಜನ ಮತ್ತೆ ಕುಣಿಯತೊಡಗಿದರು. ಎರಡನೇ ಮಹಾಯುದ್ಧದಲ್ಲಿ ನಾಜಿಗಳು ದೇಶವನ್ನು ಹಿಡಿದಿದ್ದಾಗ ಮತ್ತೆ ನಿಷೇಧ. 1944ರ ಡಿಸೆಂಬರಿನಲ್ಲಿ ಚರ್ಚು ಯುದ್ಧಕ್ಕೆ ಸಿಕ್ಕಿ ಕುಸಿಯಿತು. ಈಗ ನಾವು ನೋಡುವುದು ಮತ್ತೆ ಕಟ್ಟಿ 1953ರಲ್ಲಿ ಪ್ರತಿಷ್ಠೆ ಮಾಡಿದ ಕಟ್ಟಡ. 2010ರಲ್ಲಿ ಯುನೆಸ್ಕೊ ಸಂಸ್ಥೆ ಈ ಮೆರವಣಿಗೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ದೊಡ್ಡವರು ಬೇಡವೆಂದಾಗಲೂ ಅದನ್ನು ಉಳಿಸಿಕೊಂಡವರು ಕಾಯಿಲೆಯ ಮಕ್ಕಳ ತಾಯಂದಿರು, ಅಜ್ಜಿಯಂದಿರು ಅಂತ ನನಗನ್ನಿಸುತ್ತೆ.

ದೇವರ ಮುಂದೆ ಕುಣಿಯಬಹುದೇ ಎಂಬ ತಕರಾರು ಬೈಬಲಿನಷ್ಟೇ ಹಳೆಯದು. ದಾವೀದ ರಾಜ ದೇವರ ಪೆಟ್ಟಿಗೆಯ ಮುಂದೆ ಕುಣಿದಾಗ ಅವನ ಹೆಂಡತಿ ಮೀಕಲಳೇ ಕಿಟಕಿಯಿಂದ ನೋಡಿ ಹೀನೈಸಿದಳು ಎಂಬ ಕಥೆಯಿದೆ. ಸ್ಪೇನ್ ದೇಶದ ಸೆವಿಲ್ಲೆ ಪಟ್ಟಣದ ದೊಡ್ಡ ಚರ್ಚಿನಲ್ಲಿ ಹುಡುಗರ ತಂಡವೊಂದು ಕೆಲವು ಹಬ್ಬಗಳಲ್ಲಿ ಪೂಜಾಪೀಠದ ಎದುರಿಗೇ ಕುಣಿಯುತ್ತದೆ. ಇಥಿಯೋಪಿಯಾದ ಚರ್ಚುಗಳಲ್ಲಿ ಬಿಳಿ ಬಟ್ಟೆಯುಟ್ಟ ಸೇವಕರು ಕೋಲು ಹಿಡಿದು ಡೋಲಿನ ತಾಳಕ್ಕೆ ತೂಗುತ್ತಾ ಸ್ತೋತ್ರ ಹೇಳುತ್ತಾರೆ. ರೋಮಿನ ಹಿರಿಯರು 1975ರಲ್ಲಿ, ಪಶ್ಚಿಮದ ದೇಶಗಳಲ್ಲಿ ಕುಣಿತವೆಂದರೆ ಮೋಜಾಗಿಬಿಟ್ಟಿದೆ, ಪೂಜೆಯೊಳಗೆ ಬೇಡ; ಕುಣಿತವೇ ಭಕ್ತಿಯಾಗಿರುವ ಜನರಲ್ಲಿ ಆಗಬಹುದು ಎಂಬ ಅರ್ಥದಲ್ಲಿ ಹೇಳಿದರು. 1988ರಲ್ಲಿ ಆಫ್ರಿಕಾದ ಝೈರ್ ದೇಶಕ್ಕೆ, ಅಂದರೆ ಇಂದಿನ ಕಾಂಗೋಗೆ, ಪೂಜೆಯಲ್ಲೇ ಹೆಜ್ಜೆ ಹಾಕುವ ಕ್ರಮಕ್ಕೆ ಒಪ್ಪಿಗೆ ಕೊಟ್ಟರು. ನಮ್ಮ ಮಂಗಳೂರು ಕಡೆಯ ಫ್ರಾನ್ಸಿಸ್ ಬಾರ್ಬೋಜಾ ಅವರು ಪಾದ್ರಿಯಾಗಿ ಭರತನಾಟ್ಯ ಕಲಿತು, ಯೇಸುವಿನ ಕಥೆಗೆಂದೇ ಹೊಸ ಹಸ್ತಮುದ್ರೆಗಳನ್ನು ರೂಪಿಸಿದರು. ಒಂದೊಂದು ಕಡೆ ಒಂದೊಂದು ಬಗೆ. ಎಕ್ಟರ್ನಾಕ್‌ನದು ಕಲಿಯಬೇಕಾದ ನೃತ್ಯವೇ ಅಲ್ಲ. ಐದು ವರ್ಷದ ಮಗುವಿಗೂ ಬರುವ ಹೆಜ್ಜೆ.

ಮಧ್ಯಾಹ್ನ ಜನ ಕರಗಿದ ಮೇಲೆ ನಾವೂ ನೆಲಮಾಳಿಗೆಗೆ ಇಳಿದೆವು. ತಂಪು, ತಗ್ಗು ಕಮಾನು, ಬಿಳಿ ಅಮೃತಶಿಲೆಯ ಗೋರಿ. ಹೊರಗೆ ಬಂದು ಗ್ರೊಂಪರೆಕಿಶೆಲ್ಶರ್ ಎಂಬ ಆಲೂಗಡ್ಡೆ ವಡೆ ತಿಂದೆವು. ಹೆಸರು ಹೇಳಲು ನಾಲಿಗೆ ಹೊರಳದು, ಮಾಡುವುದು ಸುಲಭ. ಹಸಿ ಆಲೂಗಡ್ಡೆ ತುರಿದು ನೀರು ಹಿಂಡಿ, ಹೆಚ್ಚಿದ ಈರುಳ್ಳಿ, ಸೊಪ್ಪು, ಮೊಟ್ಟೆ, ಸ್ವಲ್ಪ ಹಿಟ್ಟು, ಉಪ್ಪು, ಮೆಣಸಿನಪುಡಿ ಕಲಸಿ ಎಣ್ಣೆಯಲ್ಲಿ ಚಪ್ಪಟೆಯಾಗಿ ಕರಿಯುತ್ತಾರೆ. ಮೊಟ್ಟೆ ತಿನ್ನದವರು ಕಡಲೆಹಿಟ್ಟು ಹಾಕಿ ಮಾಡಿ. ನಾನು ಊರಿಗೆ ಬಂದು ಹಸಿಮೆಣಸಿನಕಾಯಿ ಸೇರಿಸಿ ಮಾಡಿದೆ, ನಮ್ಮ ಯಜಮಾನರು ಎರಡನೇ ಸಲ ಬಡಿಸಿಕೊಂಡರು.

ವಡೆ ತಿನ್ನುತ್ತಾ ಕೂತಾಗ ನನ್ನ ಮನಸ್ಸೆಲ್ಲ ಊರಿನಲ್ಲಿತ್ತು. ನಮ್ಮ ಹತ್ತಿರದ ನೆಂಟರಲ್ಲಿ ಒಬ್ಬಳು ಹುಡುಗಿಗೆ ಇದೇ ಕಾಯಿಲೆ. ಹೆಸರು ಬರೆಯುವ ಹಾಗಿಲ್ಲ. ಅದೇ ನಮ್ಮ ಕಷ್ಟ. ಗಂಡಿನ ಕಡೆಯವರು ಬರುತ್ತಾರೆ ಅಂದರೆ ಅವಳ ಮಾತ್ರೆಯ ಡಬ್ಬಿ ಬೀರುವಿನ ಸೀರೆಗಳ ಹಿಂದೆ ಹೋಗುತ್ತದೆ. ಮದುವೆಯಾದ ಮೇಲೆ ಕದ್ದು ನುಂಗಬೇಕು, ಇಲ್ಲವೇ ನಿಲ್ಲಿಸಬೇಕು. ಸಂಬಂಧ ತಪ್ಪುತ್ತೆ ಎಂಬ ಹೆದರಿಕೆ ತಾಯಿಗೆ. ಅವಳನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಆದರೆ ಎಂಟು ಸಾವಿರ ಜನ ಹಾಡುಹಗಲಲ್ಲಿ, ಬ್ಯಾಂಡು ಬಾರಿಸಿಕೊಂಡು, ಅದೇ ಕಾಯಿಲೆಯ ಹರಕೆಯನ್ನು ನಡುಬೀದಿಯಲ್ಲಿ ಹೊತ್ತು ಹೋಗುವುದನ್ನು ನೋಡಿದ ಮೇಲೆ ನನ್ನೆದೆಯೊಳಗೆ ಏನೋ ಹಗುರವಾಯಿತು. ನಾವು ಮನೆಯೊಳಗೆ ಮುಚ್ಚಿಡುವುದನ್ನು ಅವರು ದೇವರ ಮುಂದೆ ಎಲ್ಲರೆದುರಿಗೇ ತೆರೆದಿಟ್ಟಿದ್ದಾರೆ. ಕುಣಿತಕ್ಕೆ ಪೂಜೆಯಲ್ಲಿ ಏನು ಜಾಗ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಬಾಯಿ ಹೇಳಲಾರದ ಸಂಕಟವನ್ನು ಕಾಲು ಹೇಳುತ್ತದೆ.

ಸೋದರಿಯರೇ, ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇಂಥ ಮಗುವಿದ್ದರೆ ಇಷ್ಟು ನೆನಪಿಡಿ. ಇದು ಗ್ರಹಚಾರವಲ್ಲ, ಅಂಟುವುದಿಲ್ಲ, ಮಿದುಳಿಗೆ ಸಂಬಂಧಿಸಿದ ಕಾಯಿಲೆ. ಸರಿಯಾದ ಔಷಧಿ ತಪ್ಪದೆ ತೆಗೆದುಕೊಂಡರೆ ನೂರಕ್ಕೆ ಸುಮಾರು 70 ಮಂದಿಗೆ ಹತೋಟಿಗೆ ಬರುತ್ತದೆ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು. ಫಿಟ್ಸ್ ಬಂದಾಗ ಕೈಗೆ ಬೀಗದ ಕೈ, ಮೂಗಿಗೆ ಈರುಳ್ಳಿ ಏನೂ ಬೇಡ. ಬಾಯಿಗೆ ಏನನ್ನೂ ತುರುಕಬೇಡಿ, ಕೈಕಾಲು ಅದುಮಿ ಹಿಡಿಯಬೇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಓಡಿ. ಇನ್ನೊಂದು ಮಾತು. ಹಿಂದೂ ವಿವಾಹ ಕಾನೂನಿಗೆ 1976ರಲ್ಲಿ ಮಾಡಿದ ತಿದ್ದುಪಡಿಯಲ್ಲಿ, ಮರುಕಳಿಸುವ ಮೂರ್ಛೆರೋಗವೂ ಮದುವೆಗೆ ಅಡ್ಡಿಯೆಂದು ಸೇರಿಸಿದ್ದರು. 1999ರಲ್ಲಿ ಆ ಮಾತನ್ನು ತೆಗೆದುಹಾಕಿದ್ದಾರೆ. ಕಾನೂನೇ ಬಿಟ್ಟ ಮೇಲೆ ನಾವೇಕೆ ಹಿಡಿದುಕೊಂಡಿರಬೇಕು?

ಎಕ್ಟರ್ನಾಕ್‌ಗೆ ಎಲ್ಲರೂ ಹೋಗಲಾಗುವುದಿಲ್ಲ ಬಿಡಿ. ಮಕ್ಕಳು ಆ ಕಡೆ ಇದ್ದು ನೀವು ಹೋಗುವ ಹಾಗಿದ್ದರೆ, ಪೆಂಟೆಕೋಸ್ಟ್ ಮಂಗಳವಾರ ನೋಡಿಕೊಂಡು ಬೆಳಗ್ಗೆ ಬೇಗ ಮಾರುಕಟ್ಟೆ ಚೌಕದಲ್ಲಿ ಜಾಗ ಹಿಡಿಯಿರಿ, ಕಾಲಿಗೆ ಮೆತ್ತನೆಯ ಚಪ್ಪಲಿ, ಹೆಗಲಿಗೊಂದು ಸ್ವೆಟರ್ ಇರಲಿ. ಹೋಗಲಾಗದವರು ಮನೆಯಲ್ಲೇ ಒಂದು ಕೆಲಸ ಮಾಡಬಹುದು. ಆ ಮಾತ್ರೆಯ ಡಬ್ಬಿಯನ್ನು ಬೀರುವಿನ ಹಿಂದಿನಿಂದ ತೆಗೆದು, ಕಾಫಿಪುಡಿ ಡಬ್ಬಿಯ ಪಕ್ಕದಲ್ಲಿ, ಎಲ್ಲರಿಗೂ ಕಾಣುವ ಹಾಗೆ ಇಡಿ.