ಕಸಬರಿಗೆ ಯಾರ ಕೈಯಾಗೈತಿ?



ಹೋದ ತಿಂಗಳು ನವಲಗುಂದ ಕಡೆಯ ಒಂದು ವಸತಿ ಶಾಲೆಗೆ ಹೋಗಿದ್ದೆ. ಶಾಲೆಯ ಹೆಸರು ಬರೆಯಲ್ಲ, ಅಲ್ಲಿ ಓದುವ ಮಕ್ಕಳಿಗೆ ತೊಂದರೆ ಆಗಬಾರದು. ಕರೆಸಿದ ಶಿಕ್ಷಕರು ಹೇಳಿದ್ದು ಇಷ್ಟೇ: "ಹುಡುಗ್ರು ಭಾಳ ಕೆಟ್ಟಾವ್ರಿ ಸರ್. ಬೈದಾಡ್ತಾವ, ಹೊಡದಾಡ್ತಾವ. ನಿಮ್ಮ ಮಾತು ಕೇಳ್ತಾವ, ಒಂದೀಟ ಬುದ್ಧಿ ಹೇಳ್ರಿ."

ನನ್ನ ಮಾತೇ ಯಾಕೆ ಕೇಳ್ತಾವ ಅನ್ನೋದನ್ನ ಅವರು ಹೇಳಲಿಲ್ಲ. 'ಕೆಟ್ಟ' ಹುಡುಗರ ಪಟ್ಟಿ ನೋಡಿದೆ, ಬಹಳಷ್ಟು ನಮ್ಮ ಕೇರಿ ಹುಡುಗರೇ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಈ ವಸತಿ ಶಾಲೆಗಳು ನಮಗೆ ಬೇಕೇ ಬೇಕು. ಬೆಣ್ಣಿಹಳ್ಳದ ದಂಡೆಯ ಎರೆಹೊಲದಾಗ ಕೂಲಿ ಇಲ್ಲದಾಗ ಅಪ್ಪ-ಅವ್ವ ಗೋವಾಕ್ಕೆ ದುಡಿಯಾಕ ಹೋಗ್ತಾರೆ. ಮಕ್ಕಳ ಓದು ಅರ್ಧಕ್ಕೆ ನಿಲ್ಲದಿರೋದು ಇಂಥ ಕಡೆಯೇ. ಬಾಬಾಸಾಹೇಬರು 1928ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿ ಕಟ್ಟಿದ ಮೇಲೆ ಮುಂಬೈ ಪ್ರಾಂತ್ಯದಲ್ಲಿ ನಡೆದ ಹಾಸ್ಟೆಲ್‌ಗಳಲ್ಲಿ ನಮ್ಮ ಧಾರವಾಡದ್ದೂ ಒಂದು. ಸುಮ್ಮನೆ ಸಿಕ್ಕಿದ್ದಲ್ಲ ಇದು.

ಬುದ್ಧಿ ಹೇಳೋ ಮೊದಲು ಹುಡುಗರ ಸಾಲಿನಾಗ ಊಟಕ್ಕೆ ಕೂತೆ. ಅರ್ಧ ತಾಸಿನಾಗ ಎಲ್ಲಾ ಹೊರಗೆ ಬಂತು. ಸಂಡಾಸ ತೊಳೆಯೋ ಪಾಳಿ ಗ್ವಾಡಿಗೆ ಅಂಟಿಸ್ಯಾರ, ಅದರಾಗ ಎಲ್ಲರ ಹೆಸರೂ ಐತಿ. ಆದ್ರೆ ನೀರು ಕಟ್ಟಿದಾಗ, ಗಟಾರ ತುಂಬಿದಾಗ ಕರೆಯೋ ಹೆಸರು ನಾಲ್ಕೇ. ಸ್ಕಾಲರ್‌ಶಿಪ್ ಫಾರ್ಮ್ ಬಂದ್ರೆ ತುಂಬಿದ ಕ್ಲಾಸಿನಾಗ "ಎಸ್ಸಿ ಹುಡುಗ್ರು ಎದ್ದು ನಿಂದರ್ರಿ" ಅಂತಾರೆ. ಒಂಬತ್ತನೇ ತರಗತಿಯ ಒಬ್ಬ ಅಂದ: "ಅಣ್ಣಾ, ಅವತ್ತ ಎದ್ದು ನಿಂತ್ನಿ. ಮರುದಿನದಿಂದ ನನ್ನ ಹೆಸರs ಹೋತು. ಜಾತಿ ಹೆಸರು ಹಿಡದು ಕರದ್ರು. ನಾ ಹೊಡದ್ನಿ."

ಅವನು ಹೊಡೆದದ್ದು ರಿಜಿಸ್ಟರಿನಲ್ಲಿ ತಾರೀಖಿನ ಸಮೇತ ಇದೆ. ಅವರು ಕರೆದದ್ದು ಎಲ್ಲೂ ಇಲ್ಲ. (ಹೊಡೆದದ್ದು ಸರಿ ಅಂತ ನಾನೂ ಅನ್ನಲಿಲ್ಲ, ಅದನ್ನ ಅವನ ಮುಂದೇ ಹೇಳಿದೆ.) ಮಕ್ಕಳ ಸಹಾಯವಾಣಿ 1098 ಅಂತ ಗ್ವಾಡಿ ಮೇಲೆ ದೊಡ್ಡದಾಗಿ ಬರೆದಾರ, ಫೋನ್ ಮಾತ್ರ ವಾರ್ಡನ್ ರೂಮಿನಾಗ.

ಇದೆಲ್ಲ ಸಣ್ಣ ವಿಷಯ ಅನ್ನೋರು ಮಾಲೂರು ತಾಲೂಕಿನ ಯಲುವಹಳ್ಳಿ ನೆನಪು ಮಾಡ್ಕೊಳ್ರಿ. 2023ರ ಡಿಸೆಂಬರ್‌ನಲ್ಲಿ ಅಲ್ಲಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದನ್ನ ಇಡೀ ರಾಜ್ಯ ನೋಡಿತು. ಅಮಾನತು, ಬಂಧನ ಎಲ್ಲಾ ಆಯ್ತು. ಮಲದ ಗುಂಡಿಗೆ ಮನುಷ್ಯರನ್ನ ಇಳಿಸೋದು ಅಪರಾಧ ಅಂತ 2013ರ ಕಾಯ್ದೆ ಅದಕ್ಕೂ ಹತ್ತು ವರ್ಷ ಮೊದಲೇ ಹೇಳಿತ್ತು.

ಊಟ ಆದ ಮೇಲೆ ಶಿಕ್ಷಕರ ಜೊತೆ ಕೂತೆ. "ಬೆತ್ತ ಬಿಟ್ಟೀವ್ರಿ ನಾವು" ಅಂದ್ರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನು ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ, ಅದು ಯಾರಿಗೂ ನೆನಪಿರಲಿಲ್ಲ. ಒಬ್ಬರು ಗೊಣಗಿದ್ರು, "ಎಲ್ಲಾದ್ರಾಗೂ ಜಾತಿ ತರ್ತಾರ." ನಾನಂದೆ, "ಎದ್ದು ನಿಂದರ್ರಿ ಅಂದೋರು ನಾವಲ್ಲಲ್ರಿ ಸರ್."

ಕೊನೆಗೆ ಮೂರಕ್ಕೆ ಒಪ್ಪಿದ್ರು. ಫಾರ್ಮ್ ಆಫೀಸಿನಾಗ ಒಬ್ಬೊಬ್ಬರನ್ನೇ ಕರೆದು ತುಂಬಿಸೋದು. ಗಟಾರಕ್ಕೆ ಮಕ್ಕಳನ್ನ ಕಳಿಸದೆ ಹೊರಗಿಂದ ಗಾಡಿ ಕರೆಸೋದು. ಉಳಿದ ಸ್ವಚ್ಛತೆಯ ಪಾಳಿಗೆ ವಾರಕ್ಕೊಮ್ಮೆ ಮಕ್ಕಳೇ ಚೀಟಿ ಎತ್ತೋದು, ಅದರಾಗ ಶಿಕ್ಷಕರ ಹೆಸರೂ ಇರಬೇಕು. ಈ ಕಡೇ ಮಾತು ಹುಡುಗಿಯರದ್ದು, ನನಗೆ ಹೊಳೆದಿರಲಿಲ್ಲ. ಫೋನಿನ ವಿಷಯ ಹಂಗೇ ಉಳೀತು, "ಮ್ಯಾಲಿನವ್ರನ್ನ ಕೇಳಬೇಕು" ಅಂದ್ರು.

ಮೊನ್ನೆ ಅದೇ ಶಿಕ್ಷಕರ ಫೋನ್ ಬಂತು. ಎರಡು ವಾರದಿಂದ ಹೊಡೆದಾಟ ಇಲ್ಲವಂತೆ. ಆದ್ರೆ ಚೀಟಿ ಎತ್ತಿದ ಮೊದಲ ವಾರವೇ ಊರಿನ ದೊಡ್ಡ ಮನೆತನದ ಒಬ್ಬರು ಬಂದು "ನಮ್ಮ ಹುಡುಗ ಸಂಡಾಸ ತೊಳೀಬೇಕೇನ್ರಿ?" ಅಂತ ಜಗಳ ತೆಗೆದಾರಂತೆ. ಚೀಟಿ ಪದ್ಧತಿ ಇರಬೇಕೋ ಬೇಡವೋ ಅಂತ ಈಗ ಪಾಲಕರ ಸಭೆ ಕರೆದಾರ. ನಮ್ಮ ಕೇರಿಯ ಪಾಲಕರಲ್ಲಿ ಅರ್ಧ ಜನ ಗೋವಾದಾಗ ಅದಾರ, ಬರಾಕ ಆಗಲ್ಲ. ಅವರನ್ನ ಫೋನಿನಾಗೆ ಮಾತಾಡಿಸೋ ವ್ಯವಸ್ಥೆ ಮಾಡ್ತಿದ್ದೀವಿ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಗೆಳೆಯರು ಕೈಜೋಡಿಸೋದಿದ್ರೆ ಇನ್‌ಬಾಕ್ಸಿಗೆ ಬರ್ರಿ, ದಿನ ಮತ್ತು ಜಾಗ ಅಲ್ಲೇ ಹೇಳ್ತೀನಿ.